ನಡುಗದ ಬೆಳಕು

ಚಾಮರಾಜಪೇಟೆ, ಬೆಂಗಳೂರು
14 ಜೂನ್ 2025

ಮೈತ್ರಿ,

ನಾನು ನಾಗಪುರ ಬಿಟ್ಟು ಬಂದು ಹನ್ನೆರಡು ದಿನ ಆಯಿತು. ಫೋನ್ ಮಾಡಿದಾಗಲೆಲ್ಲ ‘ಹೂಂ, ಚೆನ್ನಾಗಿದೀನಿ’ ಅಂತ ಹೇಳಿ ಇಟ್ಟುಬಿಡುತ್ತೇನೆ ಎಂದು ಬೈದೆಯಲ್ಲ, ಕಾರಣ ಕೇಳು. ಇದು ಎರಡೇ ಕೋಣೆಯ ಮನೆ. ನಾನು ಮಲಗಿರುವ ಮಂಚದ ಪಕ್ಕದಲ್ಲೇ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ, ನನ್ನ ಮುಖ ನೋಡಿಕೊಂಡೇ ನನ್ನ ಮಾತು ಕೇಳಿಸಿಕೊಳ್ಳುತ್ತಾಳೆ. ಅವಳೆದುರು ಹೆದರಿಕೆಯ ಮಾತು ಆಡುವಂತಿಲ್ಲ. ಅದಕ್ಕೇ ಇನ್ನು ಮೇಲೆ ಹೀಗೆ ಮೇಲ್‌ನಲ್ಲಿ ಉದ್ದಕ್ಕೆ ಬರೆಯುತ್ತೇನೆ. ನೀನೂ ಹಾಗೇ ಬರಿ. ಫೋನಿನಲ್ಲಿ ಮಾವಿನಹಣ್ಣಿನ ವಿಷಯ ಮಾತಾಡೋಣ.

ಹೆದರಿಕೆ ಏನೆಂದರೆ, ಹೊಟ್ಟೆಯಲ್ಲಿ ಆಗಾಗ ಹಿಂಡಿದ ಹಾಗೆ ನೋವು ಬರುತ್ತಿದೆ. ರಕ್ತ ಕಡಿಮೆ ಇದೆ. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗಿದರೂ ಏರುತ್ತಿಲ್ಲ. ಏಳನೇ ತಿಂಗಳು, ಎದ್ದು ಓಡಾಡಬೇಡ ಅಂದಿದ್ದಾರೆ ಡಾಕ್ಟರ್ ಗಿರಿಜಾಂಬಾ. ನಾನು ಹುಟ್ಟುವಾಗ ಅಮ್ಮನಿಗೆ ಹೆರಿಗೆ ಮಾಡಿಸಿದವರೂ ಅವರೇ, ಅದಕ್ಕೇ ಬೈಯುವ ಹಕ್ಕು ಜಾಸ್ತಿ. “ಅಲ್ಲಿ ಏನಮ್ಮಾ ಕೆಲಸ ಮಾಡ್ತಿದ್ದೆ?” ಅಂತ ಕೇಳಿದರು.

ಹೇಳಿದೆ. “ಸೀಸ, ಸೀಸಿಯಂ, ಬ್ರೋಮಿನ್ ಸೇರಿಸಿ ಹರಳು ಮಾಡ್ತೀನಿ ಡಾಕ್ಟ್ರೇ, ಪೆರೋವ್‌ಸ್ಕೈಟ್ ಅಂತಾರೆ. ಒಂದು ಕೂದಲಿನ ದಪ್ಪದಲ್ಲಿ ಎಂಟು ಸಾವಿರ ಹರಳು ಸಾಲಾಗಿ ನಿಲ್ತವೆ, ಅಷ್ಟು ಸಣ್ಣವು. ಪಕ್ಕದ ಕೋಣೇಲಿ ನನ್ನ ಫ್ರೆಂಡು ಅದರಲ್ಲಿ ಒಂದೇ ಒಂದನ್ನ ಆರಿಸ್ಕೊಂಡು ಲೇಸರ್ ಹಾಕ್ತಾಳೆ. ಅದು ಹಸಿರಾಗಿ ಉರಿಯುತ್ತೆ, ಇದ್ದಕ್ಕಿದ್ದ ಹಾಗೆ ಆರಿಹೋಗುತ್ತೆ, ಮತ್ತೆ ಹತ್ತುತ್ತೆ. ಯಾಕೆ ಆರುತ್ತೆ ಅನ್ನೋದೇ ಅವಳ ಪಿಎಚ್‌ಡಿ.”

ಅವರು ಮೊದಲನೇ ಪದದಲ್ಲೇ ನಿಂತುಬಿಟ್ಟಿದ್ದರು. “ಸೀಸ ತೂಗೋದು ನೀನೇನಾ? ಬಸುರೀಲೂ?” ಅಂದರು. ಹೌದು ಡಾಕ್ಟ್ರೇ, ಆದ್ರೆ ಗಾಜಿನ ಗೂಡೊಳಗೆ, ಮೇಲಿರೋ ಫ್ಯಾನು ಪುಡಿಯನ್ನೆಲ್ಲ ಚಾವಣಿಗೆ ಎಳ್ಕೊಂಡ್ಬಿಡುತ್ತೆ ಅಂದೆ. ಅವರು ಏನೋ ಬರೆದುಕೊಂಡರು. ಐದು ತಿಂಗಳವರೆಗೆ ಬಸುರಿನ ವಿಷಯವನ್ನು ನಮ್ಮ ಗೈಡ್ ಸರ್‌ಗೆ ಹೇಳದೆ ಮುಚ್ಚಿಟ್ಟಿದ್ದೆ ಅಂತ ಮಾತ್ರ ನಾನು ಹೇಳಲಿಲ್ಲ. ಹೇಳಿದ್ದರೆ ಪ್ರಾಜೆಕ್ಟಿನಿಂದ ತೆಗೆಯುತ್ತಾರೆ ಅಂತ ಹೆದರಿದ್ದೆ, ನಿನಗೆ ಗೊತ್ತಲ್ಲ. ಮಾರ್ಚಿನಲ್ಲಿ ಹೇಳಿದ್ದು ನಿನಗೊಬ್ಬಳಿಗೇ.

ಸುಮನ್ ಭಾನುವಾರ ತುಮಕೂರಿನಿಂದ ಬಂದು ಗಂಡನ ಡ್ಯೂಟಿ ಮುಗಿಸಿ ಹೋಗುತ್ತಾನೆ. ಉಳಿದ ದಿನ ಅಪ್ಪನೇ ನನಗೆ ಕಂಪನಿ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದವರು, ರಿಟೈರ್ ಆಗಿ ಎಂಟು ವರ್ಷವಾದರೂ ಒಂದು ಟ್ರೇ ಸೀಸದ ಮೊಳೆಗಳನ್ನು ಇದೇ ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ. ಹುಟ್ಟುವ ಮಗುವಿನ ಹೆಸರನ್ನು ತಾನೇ ಮೊಳೆ ಜೋಡಿಸಿ ಅಚ್ಚು ಹಾಕಬೇಕಂತೆ. ಮಲಗಿ ಮಲಗಿ ತಲೆ ಕೆಟ್ಟಿದೆ, ನಿನ್ನ ಹೊಸ ಡೇಟಾ ಕಳಿಸು, ಲೆಕ್ಕ ಮಾಡಿಕೊಡುತ್ತೇನೆ.

ಧನು

---

ನಾಗಪುರ
17 ಜೂನ್ 2025

ಧನು,

ನಿನ್ನ ಮೇಲ್ ಮೂರು ಸಲ ಓದಿದೆ. ಡಾಕ್ಟರುಗಳು ಎಲ್ಲರನ್ನೂ ಹಾಗೇ ಕೇಳುತ್ತಾರೆ ಕಣೇ. ನೀನು ಮಾಸ್ಕ್ ಹಾಕಿಕೊಳ್ಳುತ್ತಿದ್ದೆ, ಕೈಗವಸು ಹಾಕಿಕೊಳ್ಳುತ್ತಿದ್ದೆ, ತೂಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ನಿನ್ನಷ್ಟು ಶುದ್ಧವಾಗಿ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ.

ದಿನಕ್ಕೊಂದರಂತೆ ನಲವತ್ತು ಫೈಲು ಹಾಕಿದ್ದೇನೆ, ಏಪ್ರಿಲ್ ಮತ್ತು ಮೇ ತಿಂಗಳಿನವು. ಹದಿನೇಳನೇ ಹರಳನ್ನು ಮೊದಲು ನೋಡು. ಉಳಿದವೆಲ್ಲ ಹತ್ತು ನಿಮಿಷಕ್ಕೇ ಮಿನುಗಿ ಸುಸ್ತಾಗುತ್ತವೆ, ಇದು ನಲವತ್ತು ನಿಮಿಷ ಉರಿದಿದೆ. ಆರಿದ್ದು ಹನ್ನೊಂದೇ ಸಲ. ಹಳೆಯ ಕ್ಯಾಡ್ಮಿಯಂ ಹರಳುಗಳಲ್ಲಿ ನಾನು ಇಂಥದ್ದು ನೋಡೇ ಇಲ್ಲ. ಸರ್ ಅದರ ಗ್ರಾಫನ್ನು ಬಾಗಿಲಿಗೆ ಅಂಟಿಸಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಎರಡು ವರ್ಷ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಈಗ “ಮೈತ್ರೇಯಿ, ಚಾಯ್ ಹುಯಿ?” ಅಂತ ಕೇಳುತ್ತಾರೆ.

ಈ ಪೇಪರ್ ಒಪ್ಪಿಗೆಯಾದರೆ ಮಾತ್ರ ನನ್ನ ಫೆಲೋಶಿಪ್ ಮುಂದುವರಿಯುತ್ತದೆ. ನಿನ್ನ ಹೆಸರೂ ಅದರಲ್ಲಿರುತ್ತದೆ, ಹರಳುಗಳು ನಿನ್ನವೇ ತಾನೆ. ಚೆನ್ನಾಗಿ ಊಟ ಮಾಡು, ಬೇಡದ್ದನ್ನೆಲ್ಲ ಗೂಗಲ್ ಮಾಡಬೇಡ.

ಮೈತ್ರಿ

---

ಚಾಮರಾಜಪೇಟೆ
25 ಜೂನ್ 2025

ಮೈತ್ರಿ,

ಏನು ಮಾಯ ಮಾಡಿದೆ ಮಾರಾಯ್ತಿ!

ಹೋದ ವರ್ಷದ ಡೇಟಾ ನೆನಪಿದೆಯಾ? ಯಾವ ಹರಳನ್ನು ನೋಡಿದರೂ ಅದರ ಬೆಳಕು ಸೆಕೆಂಡಿಗೆ ಇಪ್ಪತ್ತನಾಲ್ಕು ಸಲ ನಡುಗುತ್ತಿತ್ತು. ಅದು ಹರಳಿನ ನಡುಕವಲ್ಲ, ಕಟ್ಟಡದಲ್ಲಿ ಎಲ್ಲೋ ಮೋಟಾರು ತಿರುಗುತ್ತಿದೆ, ಮೈಕ್ರೋಸ್ಕೋಪ್ ಅಲುಗಾಡಿ ಹರಳು ಲೇಸರಿನಿಂದ ಒಂಚೂರು ಆಚೀಚೆ ಸರಿಯುತ್ತಿದೆ ಅಂದಿದ್ದರು ಸರ್. ಯಾವ ಮೋಟಾರು ಅಂತ ಹುಡುಕಿ ಸಾಕಾಗಿ, ಆ ನಡುಕವನ್ನು ಲೆಕ್ಕದಲ್ಲಿ ಕಳೆಯುವುದೇ ನನ್ನ ಕೆಲಸವಾಗಿತ್ತು. ಈ ನಲವತ್ತು ಫೈಲಿನಲ್ಲಿ ಅದು ಎಲ್ಲಿ ಹೋಯಿತು? ಹುಡುಕಿದೆ, ಹುಡುಕಿದೆ, ಸೊನ್ನೆ. ಹದಿನೇಳನೇ ಹರಳಿನ ಬೆಳಕು ಎಷ್ಟು ನಿಶ್ಚಲವಾಗಿದೆ ಅಂದರೆ ನನಗೆ ಅಳುವೇ ಬಂತು. ಅಪ್ಪನಿಗೂ ತೋರಿಸಿದೆ. “ಒಂದೇ ಹರಳಾ? ಇಷ್ಟೊಂದು ಬೆಳಕಾ?” ಅಂತ ಕನ್ನಡಕ ಏರಿಸಿಕೊಂಡು ನೋಡಿದರು.

ಗುಟ್ಟು ಹೇಳು. ಏನು ಮಾಡಿದೆ?

ಇನ್ನೊಂದು ವಿಷಯ. ಡಾಕ್ಟರ್ ಗಿರಿಜಾಂಬಾ ನನ್ನ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸೋಣ ಅಂದರು. ಸೋಮವಾರ ರಕ್ತ ತೆಗೆದರು, ಫಲಿತಾಂಶಕ್ಕೆ ಒಂದು ವಾರ ಹಿಡಿಯುತ್ತಂತೆ. ಏನೂ ಇರಲ್ಲ ಬಿಡು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಐದು ನಿಮಿಷಕ್ಕೆ ಮತ್ತೆ ಫೋನ್ ತೆಗೆದು ಸೀಸದ ಬಗ್ಗೆ ಹುಡುಕುತ್ತೇನೆ. ಮಗು ಒದೆಯುತ್ತಿದೆ. ಒದ್ದಾಗಲೆಲ್ಲ ಎಣಿಸುತ್ತೇನೆ. ನಿಂತಾಗ ಉಸಿರು ಬಿಗಿಹಿಡಿದು ಕಾಯುತ್ತೇನೆ. ನಿನ್ನ ಹರಳು ಆರಿದಾಗ ನೀನು ಹೀಗೇ ಕಾಯುತ್ತಿದ್ದೆಯಾ?

ಧನು

---

ನಾಗಪುರ
29 ಜೂನ್ 2025

ಧನು,

ಗುಟ್ಟೇನೂ ಇಲ್ಲ. ಮೈಕ್ರೋಸ್ಕೋಪಿನ ಮೇಜಿನ ಕಾಲಿಗೆ ಹೊಸ ರಬ್ಬರ್ ಹಾಕಿಸಿದೆ. ಅಷ್ಟೇ.

ರಿಪೋರ್ಟ್ ಬಂದ ತಕ್ಷಣ ಬರಿ. ತಕ್ಷಣ ಅಂದರೆ ತಕ್ಷಣ.

ಮೈತ್ರಿ

---

ಚಾಮರಾಜಪೇಟೆ
4 ಜುಲೈ 2025

ಮೈತ್ರಿ,

ಇಪ್ಪತ್ತೊಂದು.

ಬಸುರಿಯರಲ್ಲಿ ಐದು ಬಂದರೇ ಹುಷಾರಾಗಬೇಕಂತೆ. ನನ್ನದು ಇಪ್ಪತ್ತೊಂದು. ಡಾಕ್ಟರ್ ಕಾಗದವನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು, ಸುಮನ್ ಎರಡು ಸಲ ಓದಿದ. ಸೀಸ ತಾಯಿಯ ರಕ್ತದಿಂದ ಮಗುವಿಗೆ ನೇರವಾಗಿ ಹೋಗುತ್ತದಂತೆ, ನಡುವೆ ಅದನ್ನು ತಡೆಯುವಂಥದ್ದು ಏನೂ ಇಲ್ಲವಂತೆ. ಮಗುವಿನ ಮಿದುಳಿಗೆ ಅದು ಏನು ಮಾಡಿರಬಹುದು ಅಂತ ಕೇಳಿದೆ. “ಈಗ್ಲೇ ಹೇಳೋಕಾಗಲ್ಲಮ್ಮ. ಏನೂ ಆಗ್ದೇನೂ ಇರಬಹುದು. ಮಗು ಹುಟ್ಟಿ, ಕೂತು, ಮಾತಾಡಿ, ಸ್ಕೂಲಿಗೆ ಹೋಗೋವರ್ಗೂ ನೋಡ್ತಾ ಇರಬೇಕು” ಅಂದರು. ಅಷ್ಟು ವರ್ಷ ಹೇಗೆ ಉಸಿರಾಡಲಿ ನಾನು?

ಔಷಧಿ ಅಂತ ಕ್ಯಾಲ್ಸಿಯಂ, ಕಬ್ಬಿಣ, ಹಾಲು, ರಾಗಿ. ಎಲ್ಲಕ್ಕಿಂತ ಮುಖ್ಯವಾಗಿ ಸೀಸ ಎಲ್ಲಿಂದ ಬಂತು ಅಂತ ಹುಡುಕಬೇಕು, ಇನ್ನೂ ಸೇರುತ್ತಿದ್ದರೆ ಇವತ್ತೇ ನಿಲ್ಲಿಸಬೇಕು ಅಂದಿದ್ದಾರೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಗಾಜಿನ ಗೂಡಿನ ಫ್ಯಾನು ಸರಿಯಾಗಿತ್ತಾ? ಅದರ ದೀಪ ಯಾವಾಗಲೂ ಉರಿಯುತ್ತಿತ್ತು, ಎ.ಸಿ. ಸದ್ದಿನಲ್ಲಿ ಫ್ಯಾನಿನ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಓಡುತ್ತಿದೆ ಅಂತ ನಂಬಿ ದಿನಾ ಮಧ್ಯಾಹ್ನ ಸೀಸದ ಪುಡಿ ತೂಗಿದ್ದೇನೆ. ಹೋಗಿ ನೋಡು ಮೈತ್ರಿ. ನನಗೆ ಬೇರೆ ಯಾರನ್ನು ಕೇಳಬೇಕೋ ಗೊತ್ತಿಲ್ಲ.

ನನಗೆ ಭಯವಾಗುತ್ತಿದೆ. ಈ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಮ್ಮ ಹಾಲಿನ ಲೋಟ ಹಿಡಿದು ನಿಂತರೆ ನಗುತ್ತೇನೆ.

ಧನು

---

ನಾಗಪುರ
6 ಜುಲೈ 2025

ಧನು,

ಬೆಳಿಗ್ಗೆ ಹೋಗಿ ನೋಡಿದೆ. ಫ್ಯಾನು ಓಡುತ್ತಿದೆ. ಗೂಡಿನ ಬಾಯಿಗೆ ಟಿಶ್ಯೂ ಕಾಗದ ಹಿಡಿದರೆ ಒಳಗೆ ಎಳೆದುಕೊಳ್ಳುತ್ತಿದೆ. ಆ ಬಗ್ಗೆ ಯೋಚಿಸಬೇಡ.

ಒಂದು ಹೊಳೆಯಿತು. ನಿಮ್ಮ ತಂದೆಯವರ ಮೊಳೆಗಳು ಸೀಸದವೇ ಅಲ್ಲವಾ? ನೀನು ಹುಟ್ಟಿದಾಗಿನಿಂದ ಅವರು ಆ ಕೈಯಲ್ಲೇ ನಿನಗೆ ತುತ್ತು ಕೊಟ್ಟಿದ್ದಾರೆ. ಚಿಕ್ಕಂದಿನಲ್ಲಿ ಸೇರಿದ ಸೀಸ ಮೂಳೆಯಲ್ಲಿ ಕೂತಿದ್ದು, ಬಸುರಿನಲ್ಲಿ ಮತ್ತೆ ರಕ್ತಕ್ಕೆ ಇಳಿಯುತ್ತದೆ ಅಂತ ಓದಿದ್ದೇನೆ. ಈಗಲೂ ಆ ಟ್ರೇ ನಿನ್ನ ಮಂಚದ ಕೆಳಗೇ ಇದೆಯಲ್ಲ. ಡಾಕ್ಟರಿಗೆ ಇದನ್ನು ಹೇಳು. ಅದೇ ಇರಬೇಕು ಅಂತ ನನಗನ್ನಿಸುತ್ತದೆ.

ಧೈರ್ಯವಾಗಿರು.

ಮೈತ್ರಿ

---

ಚಾಮರಾಜಪೇಟೆ
19 ಜುಲೈ 2025

ಮೈತ್ರಿ,

ನಿನ್ನ ಮಾತು ಡಾಕ್ಟರಿಗೆ ಹೇಳಿದೆ. “ಇರಬಹುದು, ಆ ಟ್ರೇ ಮೊದ್ಲು ಮನೆಯಿಂದ ಆಚೆ ಹಾಕಿ” ಅಂದರು. ಅಪ್ಪ ಅಲ್ಲೇ ನಿಂತಿದ್ದರು.

ಅವತ್ತೇ ಮೊಳೆಗಳನ್ನೆಲ್ಲ ಗೋಣಿಚೀಲಕ್ಕೆ ಸುರಿದು ಬಳೇಪೇಟೆಯ ಗುಜರಿ ಅಂಗಡಿಗೆ ಹಾಕಿ ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ನಲ್ಲಿಯ ಹತ್ತಿರ ಕೂತು ಪಾತ್ರೆ ತೊಳೆಯುವ ನಾರಿನಲ್ಲಿ ಕೈ ಉಜ್ಜಿದರು, ಚರ್ಮ ಕಿತ್ತು ರಕ್ತ ಬರುವವರೆಗೂ. ಅಮ್ಮ ಹೋಗಿ ನಾರು ಕಿತ್ತುಕೊಂಡಳು. ಅದಾದಮೇಲೆ ಅವರು ನನ್ನ ಕೋಣೆಗೆ ಬಂದಿಲ್ಲ. ಹೊಸಿಲಿನ ಆಚೆ ನಿಂತು “ಮಗ ಒದೀತಾ?” ಅಂತ ಕೇಳುತ್ತಾರೆ, ಹೂಂ ಅಂದರೆ ಹೊರಟುಹೋಗುತ್ತಾರೆ. ರಾತ್ರಿ ಜಗುಲಿಯಲ್ಲೇ ಮಲಗುತ್ತಾರೆ.

ಇನ್ನೊಂದನ್ನು ಹೇಳದೆ ಇರಲಾರೆ. ಅವರು ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದಾರೆ. ಕಾಫಿ ಕುಡಿದು ತಾವೇ ತೊಳೆದು ಜಗುಲಿಯ ಗೂಡಿನಲ್ಲಿ ಬೋರಲು ಹಾಕುತ್ತಾರೆ. ನಮ್ಮ ತಾತ ಹೋಟೆಲಿನ ಹೊರಗೆ ನಿಂತು ಹೀಗೇ ಬೇರೆ ಲೋಟದಲ್ಲಿ ಟೀ ಕುಡಿದವರು. ಇಡೀ ಜನ್ಮದಲ್ಲಿ ಇನ್ನೆಂದೂ ಹಾಗೆ ಕುಡಿಯಲ್ಲ ಅಂತ ಅಪ್ಪ ಹದಿನೆಂಟನೇ ವಯಸ್ಸಿನಲ್ಲಿ ಆಣೆ ಇಟ್ಟುಕೊಂಡು ಪ್ರೆಸ್ಸಿಗೆ ಸೇರಿದವರು, ಬುದ್ಧನ ಪಟ ತಂದು ಮನೆಯಲ್ಲಿ ತೂಗುಹಾಕಿದವರು. ಈಗ ಅದೇ ಪಟದ ಕೆಳಗೆ, ತಮ್ಮ ಸ್ವಂತ ಮನೆಯಲ್ಲಿ, ಯಾರೂ ಹೇಳದೆ ತಮಗೆ ತಾವೇ ಲೋಟ ಬೇರೆ ಮಾಡಿಕೊಂಡಿದ್ದಾರೆ.

ಅಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾಳೆ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ಒಂದೊಂದು ಸಲ ಅಪ್ಪನ ಮೇಲೇ ಬರುತ್ತದೆ, ನೋಡು, ಎಂಥ ಮಗಳು ನಾನು.

ಏನಾದರೂ ಬರಿ.

ಧನು

---

ಚಾಮರಾಜಪೇಟೆ
31 ಜುಲೈ 2025

ಮೈತ್ರಿ,

ಹನ್ನೆರಡು ದಿನದಿಂದ ನಿನ್ನ ಸುದ್ದಿಯಿಲ್ಲ. ಫೋನ್ ಎತ್ತುತ್ತಿಲ್ಲ. ಪೇಪರ್ ಗಡಿಬಿಡಿಯಲ್ಲಿ ಇರಬೇಕು ಅಂದುಕೊಂಡಿದ್ದೇನೆ.

ಡಾಕ್ಟರ್ ಗಿರಿಜಾಂಬಾ ಅಪ್ಪನಿಗೂ ಪರೀಕ್ಷೆ ಮಾಡಿಸಿ ಅಂದಿದ್ದರು. “ನನಗೆ ಗೊತ್ತಿರೋದನ್ನ ಮಿಷನ್ ಯಾಕಮ್ಮಾ ಹೇಳಬೇಕು” ಅಂತ ಅವರು ಹಟ ಹಿಡಿದರು. ಕೊನೆಗೆ ಸುಮನ್ ಕೈ ಹಿಡಿದು ಎಳೆದುಕೊಂಡು ಹೋದ. ನಿನ್ನೆ ರಿಪೋರ್ಟ್ ಬಂತು.

ನಾಲ್ಕು.

ನಲವತ್ತು ವರ್ಷ ಮೊಳೆ ಮುಟ್ಟಿದವರಲ್ಲಿ ನಾಲ್ಕು, ನನ್ನಲ್ಲಿ ಇಪ್ಪತ್ತೊಂದು. ಅಮ್ಮನದೂ ನೋಡಿಸಿದೆವು, ಮೂರು. “ನಿಮ್ಮ ಕೈಯಿಂದ ಬಂದದ್ದಲ್ಲ ಶ್ರೀನಿವಾಸಯ್ಯನವರೇ, ಇವಳಿಗೆ ಇತ್ತೀಚೆಗೆ ಸೇರಿರೋದು” ಅಂತ ಡಾಕ್ಟರ್ ಬಿಡಿಸಿ ಬಿಡಿಸಿ ಹೇಳಿದರು. ಅಪ್ಪ ನಂಬಲಿಲ್ಲ. ಅವರು ಹೊಸಿಲಾಚೆ ನಿಂತು ನನಗೆ ಹೇಳಿದ್ದು ಕೇಳು: “ನನ್ನ ಮೈಯಲ್ಲಿದ್ದದ್ದು ಪೂರ್ತಿ ನಿನಗೆ ಬಂದ್ಬಿಟ್ಟಿದೆ ಕಣವ್ವಾ. ಅದಕ್ಕೇ ನನ್ನಲ್ಲಿ ಏನೂ ಉಳಿದಿಲ್ಲ.”

ಹಾಗಾದರೆ ಎಲ್ಲಿಂದ ಬಂತು ಮೈತ್ರಿ? ಇತ್ತೀಚೆಗೆ ಅಂದರೆ ನಾಗಪುರ. ಅಲ್ಲಿ ನಿನ್ನ ಫ್ಯಾನು ಓಡುತ್ತಿದೆ. ನನ್ನ ತಲೆ ಓಡುತ್ತಿಲ್ಲ. ಲ್ಯಾಬಿನಲ್ಲಿ ಏನಾದರೂ ನೆನಪಾದರೆ ಬರಿ, ಎಷ್ಟು ಸಣ್ಣದಾದರೂ ಸರಿ. ಎಂಟನೇ ತಿಂಗಳು ಮುಗಿಯುತ್ತಾ ಬಂತು.

ಧನು

---

ನಾಗಪುರ
3 ಆಗಸ್ಟ್ 2025

ಧನು,

ಇದರ ಜೊತೆ ಒಂದು ಫೈಲ್ ಇದೆ. ಫೆಬ್ರವರಿ ಹದಿನೆಂಟರದು. ಯಾರಿಗೂ ಕೊಟ್ಟಿಲ್ಲ, ಪೇಪರ್‌ಗೂ ಹಾಕಿಲ್ಲ. ಮೊದಲಿನಿಂದ ಕೊನೆಯವರೆಗೆ ನೋಡು.

ನಾಲ್ಕು ಸಲ ಬರೆದು ಅಳಿಸಿದೆ. ನನಗೆ ಬರೆಯಲಾಗುತ್ತಿಲ್ಲ.

ಮೈತ್ರಿ

---

ಚಾಮರಾಜಪೇಟೆ
5 ಆಗಸ್ಟ್ 2025

ಮೈತ್ರೇಯಿ,

ನೋಡಿದೆ.

ಒಂದೇ ಹರಳು, ಹತ್ತು ನಿಮಿಷದ ಬೆಳಕು. ಮುನ್ನೂರ ಹನ್ನೆರಡನೇ ಸೆಕೆಂಡಿನವರೆಗೆ ನಮ್ಮ ಹಳೇ ನಡುಕ ಇದೆ, ಸೆಕೆಂಡಿಗೆ ಇಪ್ಪತ್ತನಾಲ್ಕು. ಆಮೇಲೆ ಇಪ್ಪತ್ತೆರಡು, ಹದಿನೇಳು, ಹನ್ನೊಂದು, ಐದು. ಇಪ್ಪತ್ತು ಸೆಕೆಂಡಿನಲ್ಲಿ ಸೊನ್ನೆ. ಅಲ್ಲಿಂದ ಮುಂದೆ ಬೆಳಕು ನಿಶ್ಚಲ.

ರಬ್ಬರ್ ಹಾಕಿದರೆ ನಡುಕದ ಜೋರು ಕಡಿಮೆಯಾಗುತ್ತದೆ, ವೇಗ ಇಳಿಯುವುದಿಲ್ಲ. ಇದು ಕರೆಂಟು ತೆಗೆದ ಮೇಲೆ ಮೆಲ್ಲಗೆ ನಿಲ್ಲುವ ಫ್ಯಾನು. ಒಂದು ವರ್ಷ ಹುಡುಕಿದೆವಲ್ಲ, ಆ ಮೋಟಾರು ನನ್ನ ಗಾಜಿನ ಗೂಡಿನದೇ ಆಗಿತ್ತು. ನಿನಗೆ ಅದು ಫೆಬ್ರವರಿ ಹದಿನೆಂಟಕ್ಕೆ ಸಿಕ್ಕಿತು. ಸ್ವಿಚ್ಚು ನಿನ್ನ ಕೋಣೆಯಲ್ಲಿತ್ತು. ಏಪ್ರಿಲ್, ಮೇ ತಿಂಗಳ ನಲವತ್ತು ಫೈಲಿನಲ್ಲೂ ನಡುಕ ಇಲ್ಲ. ಅಂದರೆ ಆ ನಲವತ್ತು ದಿನ ಫ್ಯಾನು ಇರಲಿಲ್ಲ. ನಾನು ಗೋಡೆಯ ಈಚೆ ಕೂತು ಸೀಸದ ಪುಡಿ ತೂಗುತ್ತಿದ್ದೆ. ಅದೇ ಫೈಲುಗಳನ್ನು ನೋಡಿ ನಿನ್ನನ್ನು ಹೊಗಳಿದೆ. ಖುಷಿಗೆ ಅತ್ತೆ. ಅಪ್ಪನನ್ನು ಕರೆದು ತೋರಿಸಿದೆ.

ಮಾರ್ಚಿನಲ್ಲಿ ನಿನಗೆ ಬಸುರಿನ ವಿಷಯ ಹೇಳಿದ್ದೆನಲ್ಲ. ಅವತ್ತು ನನ್ನ ಕೆನ್ನೆ ಹಿಂಡಿ “ಹುಚ್ಚೀ, ಹುಷಾರು ಕಣೇ” ಅಂದೆ. ಅಂದವಳು ಮಾರನೇ ದಿನ ಕೋಣೆಗೆ ಹೋಗಿ ಫ್ಯಾನು ಆರಿಸಿದೆಯಾ? ಕೈ ನಡುಗಲಿಲ್ಲವಾ?

ಅದನ್ನಾದರೂ ನಾನು ಹೇಗೋ ನುಂಗುತ್ತಿದ್ದೆನೇನೋ. ಗೊತ್ತಿಲ್ಲ. ಆದರೆ ಜುಲೈ ಆರರಂದು ಎಲ್ಲ ಗೊತ್ತಿದ್ದೂ ಅಪ್ಪನ ಕಡೆ ಬೆರಳು ತೋರಿಸಿದೆ ನೀನು. ಅವರ ಕೈ, ಅವರು ಕೊಟ್ಟ ತುತ್ತು. ನಿನ್ನ ಬಸವನಗುಡಿಯ ಮನೆಯಲ್ಲಿ ನಿಮ್ಮಪ್ಪನ ಕೈಯ ಬಗ್ಗೆ ಯಾರಾದರೂ ಹಾಗೆ ಬರೆದಿದ್ದರೆ ನೀವು ನಂಬುತ್ತಿದ್ದಿರಾ? ನಾವು ತಕ್ಷಣ ನಂಬಿದೆವು. ಅದೇ ನನಗೆ ಸಂಕಟ.

ನನಗೆ ಬರೆಯಬೇಡ. ಅಪ್ಪನಿಗೆ ಬರಿ. ಕಾಗದದ ಮೇಲೆ, ಕೈಯಲ್ಲಿ, ಕನ್ನಡದಲ್ಲಿ. ನಾನು ಹೇಳಿದರೆ ಬರೀ ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ನಲವತ್ತು ವರ್ಷ ಬೇರೆಯವರ ಅಕ್ಷರ ಓದಿದವರು, ಯಾವುದು ಸುಳ್ಳು ಯಾವುದು ನಿಜ ಅವರಿಗೆ ಗೊತ್ತಾಗುತ್ತದೆ.

ಧನುಶ್ರೀ

---

ನಾಗಪುರ
9 ಆಗಸ್ಟ್ 2025

ಶ್ರೀನಿವಾಸಯ್ಯನವರಿಗೆ ಮೈತ್ರೇಯಿ ಮಾಡುವ ನಮಸ್ಕಾರ.

ಕ್ಷೇಮ ಕೇಳಲು ನನಗೆ ಮುಖವಿಲ್ಲ, ವಿಷಯವನ್ನೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ನಿಮ್ಮ ಮನೆಗೆ ಬಂದಿದ್ದೆ, ನೀವು ಮುದ್ದೆ ಬಡಿಸಿ ನುಂಗುವುದು ಹೇಗೆಂದು ಕಲಿಸಿದಿರಿ. ಆ ಹುಡುಗಿಯೇ ನಾನು.

ನಿಮ್ಮ ಮಗಳ ಮೈಗೆ ಸೀಸ ಸೇರಿದ್ದು ನಿಮ್ಮಿಂದ ಅಲ್ಲ, ನನ್ನಿಂದ. ಅವಳು ಸೀಸದ ಪುಡಿ ತೂಗುವ ಜಾಗದಲ್ಲಿ ಅದನ್ನು ಎಳೆದು ಹೊರಗೆ ಹಾಕಲು ಒಂದು ಫ್ಯಾನು ಇದೆ. ಅದು ತಿರುಗುವಾಗ ಪಕ್ಕದ ಕೋಣೆಯಲ್ಲಿ ನನ್ನ ಯಂತ್ರ ಅಲುಗುತ್ತಿತ್ತು. ನಾನು ನೋಡುತ್ತಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ಹರಳಿನ ಬೆಳಕು. ಕೂದಲೆಳೆಯಷ್ಟು ಅಲುಗಿದರೂ ಅದು ತಪ್ಪಿಹೋಗುತ್ತದೆ. ಫೆಬ್ರವರಿ ಹದಿನೆಂಟನೇ ತಾರೀಕು ಒಂದೊಂದೇ ಸ್ವಿಚ್ಚು ಆರಿಸಿ ನೋಡುವಾಗ ಆ ಫ್ಯಾನೇ ಕಾರಣ ಎಂದು ಗೊತ್ತಾಯಿತು. ಅವತ್ತಿನಿಂದ ಮೇ ಮೂವತ್ತರವರೆಗೆ, ನಾನು ಕೆಲಸ ಮಾಡಿದ ಎಲ್ಲ ದಿನವೂ ಬೆಳಿಗ್ಗೆ ಹತ್ತಕ್ಕೆ ಅದನ್ನು ಆರಿಸಿದೆ, ಸಂಜೆ ಹಾಕಿದೆ. ಕೆಲವು ದಿನ ಹಾಕುವುದನ್ನೂ ಮರೆತೆ.

ಅವಳಿಗೆ ಹೇಳಲಿಲ್ಲ. ಹೇಳಿದರೆ ಹಾಕು ಎನ್ನುತ್ತಾಳೆ, ಹಾಕಿದರೆ ನನ್ನ ಕೆಲಸ ಕೆಡುತ್ತದೆ ಎಂಬ ಭಯ. ಮೊದಮೊದಲು ಒಂದೆರಡು ಗಂಟೆಯಲ್ಲಿ ಏನಾಗುತ್ತದೆ ಅಂದುಕೊಂಡೆ. ಅವಳು ಬಸುರಿ ಎಂದು ಮಾರ್ಚಿನಲ್ಲಿ ನನಗೆ ತಿಳಿಯಿತು. ಆ ದಿನ ನಿಲ್ಲಿಸಬೇಕಿತ್ತು. ಇನ್ನೊಂದು ವಾರ, ಒಂದು ಒಳ್ಳೆಯ ಹರಳು ಸಿಕ್ಕಿದರೆ ಸಾಕು ಎಂದುಕೊಂಡೆ. ಏಪ್ರಿಲ್‌ನಲ್ಲಿ ಸಿಕ್ಕಿತು. ಆಮೇಲೂ ನಿಲ್ಲಿಸಲಿಲ್ಲ.

ರಿಪೋರ್ಟ್ ಬಂದ ಮೇಲೆ ಅವಳು ನನ್ನನ್ನು ಕೇಳಿದಳು. ನಿಮ್ಮ ಮೊಳೆಗಳ ಮೇಲೆ ಹಾಕಿದೆ. ಅದು ಸುಳ್ಳು ಎಂದು ಬರೆಯುವಾಗಲೇ ಗೊತ್ತಿತ್ತು. ನೀವು ಮೊಳೆಗಳನ್ನು ಗುಜರಿಗೆ ಹಾಕಿದಿರಿ, ಜಗುಲಿಯಲ್ಲಿ ಮಲಗಿದಿರಿ ಎಂದು ಓದಿದ ಮೇಲೂ ಹದಿನೈದು ದಿನ ಸುಮ್ಮನಿದ್ದೆ.

ಇದೆಲ್ಲವನ್ನೂ ಇಲ್ಲಿ ಸಂಸ್ಥೆಗೆ ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಪೇಪರ್ ವಾಪಸ್ ತೆಗೆದುಕೊಂಡಿದ್ದಾರೆ. ಫ್ಯಾನಿನ ಸ್ವಿಚ್ಚಿಗೆ ಬೀಗ ಹಾಕಿದ್ದಾರೆ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಕೈಯಿಂದ ಯಾರಿಗೂ ಏನೂ ಆಗಿಲ್ಲ. ದಯವಿಟ್ಟು ಮನೆಯೊಳಗೆ ಹೋಗಿ.

ಮೈತ್ರೇಯಿ

---

ಚಾಮರಾಜಪೇಟೆ
7 ಸೆಪ್ಟೆಂಬರ್ 2025

ಮೈತ್ರೇಯಿ,

ಇನ್ನು ನಿನಗೆ ಬರೆಯಬಾರದು ಅಂತಿದ್ದೆ. ಬರೆಸುತ್ತಿರುವುದು ಅಪ್ಪ.

ಆಗಸ್ಟ್ ಮೂವತ್ತೊಂದಕ್ಕೆ ಹೆಣ್ಣು ಮಗು. ಎರಡೂಕಾಲು ಕೆ.ಜಿ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸೀಸ ಹನ್ನೊಂದು. ಡಾಕ್ಟರ್ ಗಿರಿಜಾಂಬಾ ಮಗುವಿನ ಅಂಗಾಲು ಗೀರಿದರು, ಕಣ್ಣಿಗೆ ಟಾರ್ಚ್ ಹಿಡಿದರು, ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು. “ಸದ್ಯಕ್ಕೆ ಎಲ್ಲಾ ಸರಿಯಾಗಿದೆ” ಅಂದರು. ಆ ‘ಸದ್ಯಕ್ಕೆ’ ಅನ್ನುವುದು ನನ್ನ ತಲೆಯಿಂದ ಹೋಗುತ್ತಿಲ್ಲ. ಮಗು ನಿದ್ದೆಯಲ್ಲಿ ಅಲ್ಲಾಡದೆ ಇದ್ದರೆ ಎಬ್ಬಿಸಿಬಿಡುತ್ತೇನೆ, ಅತ್ತರೆ ಯಾಕೆ ಅಳುತ್ತೆ ಅಂತ ಹೆದರುತ್ತೇನೆ. ಅಮ್ಮ ಬೈಯುತ್ತಾಳೆ. ಸದ್ಯ ಪ್ರತಿ ತಿಂಗಳೂ ರಕ್ತ ನೋಡಿಸಬೇಕು. ಎಷ್ಟು ವರ್ಷ ಹೀಗೆ ಬದುಕಬೇಕೋ ಗೊತ್ತಿಲ್ಲ.

ನಿನ್ನ ಕಾಗದ ಆಗಸ್ಟ್ ಹದಿನಾಲ್ಕಕ್ಕೇ ಬಂತು. ಅಪ್ಪ ಜಗುಲಿಯಲ್ಲಿ ಕೂತು ಓದಿದರು. ಪ್ರೂಫ್ ನೋಡುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಎರಡು ಸಲ. ಆಮೇಲೆ ಒಳಗೆ ಬಂದು ನನ್ನ ಮಂಚದ ಮೇಲೆ ಕೂತರು. ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನರ್ಸ್ “ಯಾರು ಎತ್ಕೊಳ್ತೀರಾ?” ಅಂದಾಗ ಮುಂದೆ ಬಂದು ಎರಡೂ ಕೈ ನೀಡಿದವರು ಅವರೇ.

ನಿನ್ನನ್ನು ಅವರು ಕ್ಷಮಿಸಿದ್ದಾರೋ ಇಲ್ಲವೋ ನಾನು ಕೇಳಿಲ್ಲ. ನಾನಂತೂ ಕ್ಷಮಿಸಿಲ್ಲ. ಇವತ್ತು ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದರು: “ಆ ಹುಡುಗಿ ಇದ್ದದ್ದೂ ಪಕ್ಕದ ಕೋಣೇಲೇ ಅಲ್ವೇನವ್ವಾ? ಅದೇ ಗಾಳಿ ತಾನೇ ಕುಡಿದಿರೋದು? ಅವಳಿಗೆ ಯಾರಾದ್ರೂ ರಕ್ತ ಪರೀಕ್ಷೆ ಮಾಡಿಸಿದ್ರಾ?”

ನನಗೆ ಗೊತ್ತಿಲ್ಲ ಅಂದೆ. ಕೇಳು ಅಂದರು. ಕೇಳುತ್ತಿದ್ದೇನೆ. ಉತ್ತರ ಅವರಿಗೇ ಬರಿ.

ಧನುಶ್ರೀ